ಹಾಲುಣಿಸದ ಕೋಳಿ ತನ್ನ ಮರಿಗೆ ರೋಗನಿರೋಧಕ ಶಕ್ತಿ ಕೊಡುವುದು ಹೇಗೆ?

ಪ್ರಶ್ನೆ: ನಾವು ಯಲಹಂಕದ ಹತ್ತಿರ ಇದ್ದೇವೆ. ಮನೆ ಹಿಂದಿನ ಖಾಲಿ ಸೈಟಿನಲ್ಲಿ ಕೆಲವು ನಾಟಿ ಕೋಳಿ ಸಾಕಿದ್ದೇವೆ. ಈ ಸಲ ಒಂದು ಕೋಳಿಯನ್ನು ಮನೆಯ ಮೊಟ್ಟೆಗಳ ಮೇಲೆ ಕಾವು ಕೂರಿಸಿದೆವು. ಜೊತೆಗೆ ಒಂದು ಚಿಕ್ಕ ಇನ್‌ಕ್ಯುಬೇಟರ್ ತರಿಸಿ, ಬೇರೆ ಬೇರೆ ಕಡೆಯಿಂದ ತಂದ ಮೊಟ್ಟೆಗಳನ್ನು ಅದರಲ್ಲಿ ಇಟ್ಟೆವು. ಎರಡರಲ್ಲೂ ಮರಿ ಚೆನ್ನಾಗೇ ಆದವು. ಆದರೆ ಮೂರನೇ ವಾರದಲ್ಲಿ ಮಷಿನ್ ಮರಿಗಳಲ್ಲಿ ಅರ್ಧಕ್ಕರ್ಧ ಸತ್ತವು. ಕೋಳಿ ಹಿಂದೆ ಓಡಾಡುವ ಮರಿಗಳಿಗೆ ಏನೂ ಆಗಿಲ್ಲ. "ತಾಯಿ ಕಾವು ಕಾಣದ ಮರಿಗೆ ಶಕ್ತಿ ಎಲ್ಲಿಂದ ಬರಬೇಕು" ಅಂತಾರೆ ನಮ್ಮತ್ತೆ. ಕೋಳಿ ಹಾಲು ಕೊಡಲ್ಲ ಅಲ್ವಾ? ಹಾಗಿದ್ದ ಮೇಲೆ ಮರಿಗೆ ರೋಗನಿರೋಧಕ ಶಕ್ತಿ ಹೇಗೆ ಕೊಡುತ್ತೆ? ನಮ್ಮ ಬಾಲ್ಕನಿಯ ಪಾರಿವಾಳಗಳದ್ದೂ ಇದೇ ಕಥೆಯಾ?

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಮರಿಗೆ ಶಕ್ತಿ ತಾಯಿಯಿಂದಲೇ ಬರುತ್ತದೆ. ಆದರೆ ಕೋಳಿ ಕಾವು ಕೂರುವ ಹೊತ್ತಿಗೆ, ಕೊಡಬೇಕಾದ್ದರಲ್ಲಿ ಬಹುಪಾಲು ಮೊಟ್ಟೆಯೊಳಗೆ ಸೇರಿ ಆಗಿರುತ್ತದೆ. ಆ ವಿಷಯದ ಮಟ್ಟಿಗೆ ಮೊಟ್ಟೆ ಕೋಳಿಯ ಹೊಟ್ಟೆಯಡಿ ಇದ್ದರೂ ಒಂದೇ, ಮಷಿನ್‌ನಲ್ಲಿ ಇದ್ದರೂ ಒಂದೇ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು "ಬೇರೆ ಬೇರೆ ಕಡೆಯಿಂದ ತಂದ ಮೊಟ್ಟೆ" ಅನ್ನುವ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊಟ್ಟೆ ಇಡುವ ನಾಟಿ ಕೋಳಿಯನ್ನು ಕೊಯ್ದಾಗ ಒಳಗಿರುವ ಮೊಟ್ಟೆ ಗೊಂಚಲನ್ನು ನೀವು ನೋಡಿರುತ್ತೀರಿ. ಸಾರಿಗೆ ಹಾಕಿದರೆ ಮಕ್ಕಳು ಅದಕ್ಕೇ ಜಗಳ ಆಡುತ್ತಾರೆ. ಮುಂದಿನ ಸಲ ಅಡುಗೆಗೆ ಹಾಕುವ ಮೊದಲು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ. ಪೂರ್ತಿ ಬಲಿತ ಒಂದು ಹಳದಿ ಇರುತ್ತದೆ. ಪಕ್ಕದಲ್ಲಿ ಅದಕ್ಕಿಂತ ಸ್ವಲ್ಪ ಚಿಕ್ಕದು, ಆಮೇಲೆ ಇನ್ನೂ ಚಿಕ್ಕದು, ಕೊನೆಗೆ ಸಾಸಿವೆಯಷ್ಟಿರುವ ಬಿಳಿ ಕಾಳುಗಳು. ಪ್ರತಿ ಹಳದಿಗೂ ತೆಳ್ಳನೆಯ ಪೊರೆ. ಪೊರೆಯ ತುಂಬ ಕೂದಲೆಳೆಯಂಥ ಕೆಂಪು ರಕ್ತನಾಳಗಳು. ಚಿಕ್ಕ ಕಾಳು ದೊಡ್ಡ ಹಳದಿಯಾಗಿ ಊದುವುದು ಮೊಟ್ಟೆ ಇಡುವ ಮೊದಲಿನ ಸುಮಾರು ಹತ್ತು ದಿನಗಳಲ್ಲಿ. ಆ ಹತ್ತು ದಿನ ತಾಯಿಯ ರಕ್ತದಿಂದ ಕೊಬ್ಬು, ಪ್ರೋಟೀನ್, ವಿಟಮಿನ್ ಎಲ್ಲ ಆ ಪೊರೆ ದಾಟಿ ಒಳಗೆ ಇಳಿಯುತ್ತಿರುತ್ತವೆ. ಅವುಗಳ ಜೊತೆಗೇ ಪ್ರತಿಕಾಯಗಳೂ ಇಳಿಯುತ್ತವೆ.

ಪ್ರತಿಕಾಯ ಅಂದರೆ ಹಿಂದೆ ಬಂದುಹೋದ ರೋಗಾಣುವನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರೋಟೀನ್. ಹಕ್ಕಿಗಳ ರಕ್ತದಲ್ಲಿ ಇದರ ಮುಖ್ಯ ಬಗೆಗೆ ಐಜಿವೈ ಅಂತಾರೆ. ಕೋಳಿಯ ಒಂದು ಹಳದಿಯಲ್ಲಿ ಇದು ಸುಮಾರು 100 ಮಿಲಿಗ್ರಾಂ ಇರುತ್ತದೆ. ಅಷ್ಟು ಚಿಕ್ಕ ಮರಿಗೆ ಇದು ಕಮ್ಮಿಯೇನಲ್ಲ. ತಾಯಿಯ ರಕ್ತದಲ್ಲಿ ಯಾವ ರೋಗದ ವಿರುದ್ಧ ಎಷ್ಟು ಪ್ರತಿಕಾಯ ಇದೆಯೋ ಅದಕ್ಕೆ ತಕ್ಕಂತೆ ಹಳದಿಗೂ ಹೋಗುತ್ತದೆ. ಇದು ಇವತ್ತು ನಿನ್ನೆ ಗೊತ್ತಾದದ್ದಲ್ಲ. ಜರ್ಮನಿಯ ಫೆಲಿಕ್ಸ್ ಕ್ಲೆಂಪರರ್ 1893ರಲ್ಲೇ ಇದನ್ನು ತೋರಿಸಿದ್ದರು. ಧನುರ್ವಾಯು ವಿಷದ ವಿರುದ್ಧ ಕೋಳಿಗಳನ್ನು ಗಟ್ಟಿ ಮಾಡಿದರು. ಆಮೇಲೆ ಅವುಗಳ ಮೊಟ್ಟೆಯ ಹಳದಿಯನ್ನು ಇಲಿಗಳಿಗೆ ಚುಚ್ಚಿದರು. ಇಲಿಗಳು ಧನುರ್ವಾಯುವಿನಿಂದ ಬಚಾವಾದವು.

ಇಲ್ಲಿ ಒಂದು ವಿಷಯ ಚೆನ್ನಾಗಿ ಗಮನಿಸಬೇಕು. ತಾಯಿ ಕೊಡುವುದು ಎಲ್ಲ ರೋಗಕ್ಕೂ ಆಗುವ ಒಂದು "ಶಕ್ತಿ" ಅಲ್ಲ. ತನ್ನ ಮೈ ಕಂಡ ರೋಗಗಳ, ಹಾಕಿಸಿಕೊಂಡ ಲಸಿಕೆಗಳ ಲೆಕ್ಕ ಅದು. ನಿಮ್ಮ ಕೋಳಿ ಕೊಕ್ಕರೆ ರೋಗದಿಂದ ಬದುಕಿ ಉಳಿದಿದ್ದರೆ, ಅಥವಾ ಅದಕ್ಕೆ ಲಸಿಕೆ ಬಿದ್ದಿದ್ದರೆ, ಮೊಟ್ಟೆಯಲ್ಲಿ ಕೊಕ್ಕರೆ ರೋಗದ ಪ್ರತಿಕಾಯ ಇರುತ್ತದೆ. ರಾಣಿಖೇತ್ ಅಂತ ಡಾಕ್ಟರುಗಳು ಕರೆಯುವುದು ಇದನ್ನೇ. ಕೋಳಿಗೆ ಆ ರೋಗದ ಪರಿಚಯವೇ ಇಲ್ಲದಿದ್ದರೆ ಅದು ಎಷ್ಟೇ ದಷ್ಟಪುಷ್ಟವಾಗಿದ್ದರೂ ಮೊಟ್ಟೆಯಲ್ಲಿ ಅದರ ಪ್ರತಿಕಾಯ ಇರುವುದಿಲ್ಲ.

ಹಳದಿಯ ಕೆಲಸ ಮುಗಿದ ಮೇಲೆ ಮೊಟ್ಟೆ ಗರ್ಭನಾಳದಲ್ಲಿ ಇಳಿಯುತ್ತದೆ. ಅಲ್ಲಿ ಬಿಳಿ ಲೋಳೆ ಸುತ್ತಿಕೊಳ್ಳುತ್ತದೆ. ಅದರಲ್ಲೂ ಬೇರೆ ಎರಡು ಬಗೆಯ ಪ್ರತಿಕಾಯಗಳಿವೆ, ಐಜಿಎ ಮತ್ತು ಐಜಿಎಂ. ಜೊತೆಗೆ ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೋಜೈಮ್. ಪೆನ್ಸಿಲಿನ್ ಖ್ಯಾತಿಯ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಮೊದಲು, 1922ರಲ್ಲಿ ಪತ್ತೆ ಹಚ್ಚಿದ್ದು ಇದನ್ನೇ. ಬ್ಯಾಕ್ಟೀರಿಯಾಗೆ ಕಬ್ಬಿಣ ಸಿಗದ ಹಾಗೆ ಹಿಡಿದಿಡುವ ಇನ್ನೊಂದು ಪ್ರೋಟೀನ್ ಕೂಡ ಲೋಳೆಯಲ್ಲಿದೆ. ಮೊಟ್ಟೆಯೊಳಗಿನ ಮರಿ ಒಡೆದು ಬರುವ ಮುಂಚೆ ಈ ಲೋಳೆಯನ್ನು ನುಂಗುತ್ತದೆ. ಹಾಗೆ ಅದರ ಕರುಳಿಗೂ ಒಂದು ಕಾವಲು ಸಿಗುತ್ತದೆ.

ಹಳದಿಯಲ್ಲಿರುವ ಐಜಿವೈ ಮರಿಯ ರಕ್ತಕ್ಕೆ ಬರುವುದು ನಿಧಾನ. ಕಾವಿನ 21 ದಿನಗಳಲ್ಲಿ ಮೊದಲರ್ಧ ಬರುವುದು ತೀರಾ ಕಮ್ಮಿ. ಕೊನೆಯ ಮೂರ್ನಾಲ್ಕು ದಿನಗಳಲ್ಲಿ ಭರಭರನೆ ಬರುತ್ತದೆ. ಮರಿ ಹೊರಗೆ ಬರುವಾಗ ಉಳಿದ ಹಳದಿಯನ್ನು ಹೊಟ್ಟೆಯೊಳಗೇ ಎಳೆದುಕೊಂಡು ಬರುತ್ತದೆ. ಮೊದಲ ಎರಡು ಮೂರು ದಿನ ಅದೇ ಅದರ ಊಟ, ಅದೇ ಔಷಧಿ. ಹ್ಯಾಚರಿಯವರು ಒಂದು ದಿನದ ಮರಿಗಳನ್ನು ಡಬ್ಬದಲ್ಲಿ ತುಂಬಿ ದೂರದ ಊರಿಗೆ ಕಳಿಸಲು ಆಗುವುದು ಇದರಿಂದಲೇ. ಆ ದಿನಗಳಲ್ಲಿ ಮರಿಗೆ ಚಳಿ ಹೊಡೆದರೆ ಹೊಟ್ಟೆಯೊಳಗಿನ ಹಳದಿ ಸರಿಯಾಗಿ ಕರಗುವುದಿಲ್ಲ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ರಟ್ಟಿನ ಡಬ್ಬಕ್ಕೆ ಒಂದು ಬಲ್ಬು ತೂಗುಹಾಕಿ ಸುಮ್ನೆ ಮಲಗಿದರೆ ಆಗಲ್ಲ. ಮೊದಲ ವಾರ ಮರಿಗಳ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬಹುದು.

ನಡುವೆ ಒಂದು ಮಾತು, ಯಾಕಂದರೆ ಇದನ್ನು ತುಂಬಾ ಜನ ಕೇಳುತ್ತಾರೆ. ಮೊಟ್ಟೆ ತಿಂದರೆ ಈ ಪ್ರತಿಕಾಯ ನಮಗೂ ಸಿಗುತ್ತದಾ? ಬೇಯಿಸಿದ ಮೊಟ್ಟೆಯಲ್ಲಿ ಅದು ಕೆಟ್ಟುಹೋಗಿರುತ್ತದೆ. ಅದಕ್ಕೋಸ್ಕರ ಹಸಿ ಮೊಟ್ಟೆ ಕುಡಿಯಲು ಹೋಗಬೇಡಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊಕ್ಕರೆ ಆಸ್ಪತ್ರೆ ಸೇರಬೇಕಾಗುತ್ತದೆ.

ಈಗ ನಿಮ್ಮ ಮೂರನೇ ವಾರದ ಕಥೆ. ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು ಅಂತ ನಮ್ಮಲ್ಲಿ ಗಾದೆ ಇದೆ. ತಾಯಿಯ ಪ್ರತಿಕಾಯವೂ ಹಾಗೇ. ಮರಿ ಅದನ್ನು ಹೊಸದಾಗಿ ತಯಾರಿಸುವುದಿಲ್ಲ, ಬರೀ ಖರ್ಚು ಮಾಡುತ್ತದೆ. ಕೊಕ್ಕರೆ ರೋಗದ ಪ್ರತಿಕಾಯ ಮರಿಯ ರಕ್ತದಲ್ಲಿ ಸುಮಾರು ನಾಲ್ಕೂವರೆ ದಿನಕ್ಕೆ ಅರ್ಧವಾಗುತ್ತದೆ. ಇನ್ನು ನಾಲ್ಕೂವರೆ ದಿನಕ್ಕೆ ಅದರಲ್ಲಿ ಅರ್ಧ. ಹದಿನೆಂಟನೇ ದಿನಕ್ಕೆ ಹದಿನಾರರಲ್ಲಿ ಒಂದು ಪಾಲು ಉಳಿಯುತ್ತದೆ. ತಾಯಿಯ ಪ್ರತಿಕಾಯ ಮುಗಿಯುತ್ತಾ ಬಂದು, ಮರಿಯದೇ ಪ್ರತಿಕಾಯ ಇನ್ನೂ ಕೂಡಿಬರದ ಒಂದು ತೆರಪು ಎರಡನೇ ಮೂರನೇ ವಾರಗಳ ಸುಮಾರಿಗೆ ಬರುತ್ತದೆ. ರೋಗ ಒಳಗೆ ನುಗ್ಗುವುದು ಆಗಲೇ. ಕೋಳಿ ಕೆಳಗೆ ಹುಟ್ಟಿದ ಮರಿಗೂ ಈ ತೆರಪು ತಪ್ಪಿದ್ದಲ್ಲ.

ಹಾಗಾದರೆ ಮೊದಲ ದಿನವೇ ಮರಿಗೆ ಲಸಿಕೆ ಹಾಕಿಬಿಡಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ತೊಡಕು ಇರುವುದೇ ಇಲ್ಲಿ. ಜೀವಂತ ಲಸಿಕೆ ಅಂದರೆ ಶಕ್ತಿಗುಂದಿಸಿದ ವೈರಸ್. ಅದು ಮರಿಯ ಮೈಯಲ್ಲಿ ಸ್ವಲ್ಪ ಬೆಳೆದರೆ ಮಾತ್ರ ಮರಿ ಪಾಠ ಕಲಿಯುತ್ತದೆ. ತಾಯಿಯ ಪ್ರತಿಕಾಯ ಜಾಸ್ತಿ ಇರುವಾಗ ಹಾಕಿದರೆ, ಆ ಪ್ರತಿಕಾಯವೇ ಲಸಿಕೆಯ ವೈರಸ್ಸನ್ನು ಹಿಡಿದು ಮುಗಿಸಿಬಿಡುತ್ತದೆ. ಮರಿ ಏನೂ ಕಲಿಯುವುದಿಲ್ಲ. ತಡಮಾಡಿದರೆ ನಿಜವಾದ ರೋಗ ಮುಂಚೆಯೇ ಬಂದು ಕೂರುತ್ತದೆ. ಅದಕ್ಕೇ ಕೊಕ್ಕರೆ ರೋಗದ ಮೊದಲ ಹನಿಯನ್ನು 5ರಿಂದ 7ನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಹಾಕುತ್ತಾರೆ. ಅಲ್ಲಿನ ಪೊರೆಯಲ್ಲಿ ವೈರಸ್ ಬೆಳೆಯಲು ರಕ್ತದಲ್ಲಿರುವ ಪ್ರತಿಕಾಯ ಅಷ್ಟಾಗಿ ಅಡ್ಡ ಬರುವುದಿಲ್ಲ. ಗುಂಬೊರೊ ಅನ್ನುವ ಇನ್ನೊಂದು ವೈರಸ್ ರೋಗದ ಲಸಿಕೆಗೆ ಎರಡು ವಾರದ ಹೊತ್ತಿಗೆ ಕಾಯುತ್ತಾರೆ. ಕೊಕ್ಕರೆ ರೋಗಕ್ಕೆ ಮತ್ತೆ ಮೂರು ನಾಲ್ಕನೇ ವಾರದಲ್ಲಿ ಎರಡನೇ ಸಲ ಹಾಕುತ್ತಾರೆ. ದೊಡ್ಡ ಫಾರಂಗಳಲ್ಲಿ ಮರಿಗಳ ರಕ್ತ ತೆಗೆದು ತಾಯಿಯ ಪ್ರತಿಕಾಯ ಎಷ್ಟಿದೆ ಅಂತ ನೋಡಿ ದಿನ ಗೊತ್ತು ಮಾಡುವುದೂ ಉಂಟು.

ಗುಂಬೊರೊ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಮ್ಮ ಮರಿಗಳಿಗೆ ಆಗಿದ್ದು ಅದೇ ಇರಬಹುದು ಅಂತ ನನಗೊಂದು ಅನುಮಾನ. ಕೋಳಿಮರಿಯ ಹಿಂಭಾಗದಲ್ಲಿ, ಹಿಕ್ಕೆ ಹಾಕುವ ದ್ವಾರದ ಸ್ವಲ್ಪ ಮೇಲೆ, ಒಳಗಡೆ ಒಂದು ಪುಟ್ಟ ಚೀಲ ಇದೆ. ಇಟಲಿಯ ಪಡುವಾದಲ್ಲಿದ್ದ ಅಂಗರಚನಾ ತಜ್ಞ ಫ್ಯಾಬ್ರಿಶಿಯಸ್ ಹೆಸರೇ ಅದಕ್ಕೆ ಇದೆ. ಆರೋಗ್ಯವಾಗಿರುವ ಎಳೆ ಮರಿಯಲ್ಲಿ ಅದು ದುಂಡಗೆ, ಕೆನೆ ಬಣ್ಣದಲ್ಲಿರುತ್ತದೆ. ಕತ್ತರಿಸಿ ಬಿಡಿಸಿದರೆ ಒಳಗೆ ಮಡಿಕೆ ಮಡಿಕೆ. ಅದು ಯಾತಕ್ಕೆ ಇದೆ ಅಂತ ಮುನ್ನೂರು ವರ್ಷಕ್ಕೂ ಜಾಸ್ತಿ ಕಾಲ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದ ಓಹಾಯೋದಲ್ಲಿ ಬ್ರೂಸ್ ಗ್ಲಿಕ್ ಅನ್ನುವ ವಿದ್ಯಾರ್ಥಿ ಮರಿಗಳಿಂದ ಆ ಚೀಲ ತೆಗೆದುಹಾಕಿ ನೋಡಿದರು. ಏನೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಗೆಳೆಯ ತಿಮೋತಿ ಚಾಂಗ್ ತರಗತಿಯಲ್ಲಿ ಪ್ರತಿಕಾಯ ಹೇಗೆ ಹುಟ್ಟುತ್ತದೆ ಅಂತ ತೋರಿಸಲು ಅವೇ ಕೋಳಿಗಳಲ್ಲಿ ಕೆಲವನ್ನು ತೆಗೆದುಕೊಂಡು ಹೋದರು. ಪ್ರಯೋಗ ಕೈಕೊಟ್ಟಿತು. ಚೀಲ ಇಲ್ಲದ ಕೋಳಿಗಳಲ್ಲಿ ಪ್ರತಿಕಾಯವೇ ಹುಟ್ಟಲಿಲ್ಲ. 1956ರಲ್ಲಿ ಒಂದು ಕೋಳಿ ಸಾಕಣೆ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಮನುಷ್ಯರ ರೋಗನಿರೋಧಕ ಶಾಸ್ತ್ರದ ಒಂದು ದೊಡ್ಡ ಬಾಗಿಲು ತೆರೆದದ್ದು ಕೋಳಿಮರಿಯ ಹಿಂಭಾಗದಿಂದ!

ಗುಂಬೊರೊ ವೈರಸ್ ನೇರವಾಗಿ ಈ ಚೀಲಕ್ಕೇ ಕೈ ಹಾಕುತ್ತದೆ. ಸತ್ತ ಮರಿಯನ್ನು ಮರಣೋತ್ತರ ಪರೀಕ್ಷೆಗೆ ಕೊಯ್ದಾಗ ಚೀಲ ಊದಿಕೊಂಡು, ಸುತ್ತ ಹಳದಿ ಅಂಟು ಮೆತ್ತಿಕೊಂಡಿರುತ್ತದೆ. ಕೆಲವೊಮ್ಮೆ ಒಳಗೆ ರಕ್ತ ಕಟ್ಟಿರುತ್ತದೆ. ತೊಡೆಯ ಮಾಂಸದಲ್ಲಿ ರಕ್ತದ ಚುಕ್ಕೆಗಳು ಕಾಣುತ್ತವೆ. ಬದುಕಿ ಉಳಿದ ಮರಿಗಳಲ್ಲೂ ಪ್ರತಿಕಾಯ ತಯಾರಿಸುವ ಕಾರ್ಖಾನೆಯೇ ಹಾಳಾಗಿರುತ್ತದೆ. ಆಮೇಲೆ ಎಷ್ಟು ಲಸಿಕೆ ಹಾಕಿದರೂ ಅಷ್ಟಕ್ಕಷ್ಟೇ. ಮೊದಲ ಎರಡು ಮೂರು ವಾರ ಈ ಚೀಲವನ್ನು ಕಾಯುವುದು ತಾಯಿಯ ಪ್ರತಿಕಾಯ. ಅದು ಮೊಟ್ಟೆಯಲ್ಲೇ ಇಲ್ಲದಿದ್ದರೆ ಕಾಯುವವರೇ ಇಲ್ಲ.

ಈಗ ನಿಮ್ಮ ಮೊಟ್ಟೆಗಳಿಗೆ ಬರೋಣ. ಕಾವು ಕೂರಿಸಿದ್ದು ನಿಮ್ಮ ಸೈಟಿನ ಕೋಳಿಗಳ ಮೊಟ್ಟೆ. ಅವು ಅದೇ ಮಣ್ಣು ಕೆದಕಿ, ಅದೇ ನೀರು ಕುಡಿದು ಬೆಳೆದವು. ಆ ಜಾಗದ ರೋಗಾಣುಗಳ ಪರಿಚಯ ಅವುಗಳ ರಕ್ತಕ್ಕೆ ಇದೆ. ಅದೇ ಪರಿಚಯ ಹಳದಿಯ ಮೂಲಕ ಮರಿಗೆ ಬಂತು. ಮಷಿನ್‌ಗೆ ಇಟ್ಟ ಮೊಟ್ಟೆಗಳ ತಾಯಂದಿರು ನಿಮ್ಮ ಸೈಟು ನೋಡಿದವಲ್ಲ. ಅವಕ್ಕೆ ಯಾವ ಲಸಿಕೆ ಬಿದ್ದಿತ್ತು, ಬಿದ್ದಿತ್ತೋ ಇಲ್ಲವೋ, ನಿಮಗೆ ಗೊತ್ತಿಲ್ಲ. ಒಂದೊಂದು ಮರಿ ಒಂದೊಂದು ಥರ ತಯಾರಾಗಿ ಬಂದಿರುತ್ತದೆ. ಜೊತೆಗೆ ಇನ್ನೊಂದು ಅಪಾಯ. ತಾಯಿ ಪ್ರತಿಕಾಯ ಮಾತ್ರ ಅಲ್ಲ, ರೋಗವನ್ನೂ ಮೊಟ್ಟೆಯಲ್ಲಿ ಕಳಿಸಬಲ್ಲದು. ಮರಿಗಳಲ್ಲಿ ಬಿಳಿ ಭೇದಿ ತರುವ ಪುಲ್ಲೋರಂ, ಉಸಿರಾಟದ ತೊಂದರೆ ತರುವ ಮೈಕೋಪ್ಲಾಸ್ಮಾ ಎರಡೂ ಹೀಗೆ ಬರುತ್ತವೆ. ಹತ್ತು ಕಡೆಯ ಮೊಟ್ಟೆ ಒಂದೇ ಡಬ್ಬದಲ್ಲಿ ಮರಿಯಾದರೆ ಒಂದರದ್ದು ಎಲ್ಲಕ್ಕೂ ಅಂಟುತ್ತದೆ.

ಅತ್ತೆಯವರ ಮಾತಿನ ಉಳಿದರ್ಧಕ್ಕೂ ನ್ಯಾಯ ಸಲ್ಲಿಸಬೇಕು. ಕಣ್ಣೆದುರು ತಾಯಿ ಇರುವುದರಿಂದಲೂ ಮರಿಗೆ ಲಾಭ ಇದೆ. ಅದು ಕರುಳಿನ ವಿಷಯ. 1973ರಲ್ಲಿ ಫಿನ್ಲೆಂಡಿನ ನುರ್ಮಿ ಮತ್ತು ರಂಟಾಲಾ ಒಂದು ಪ್ರಯೋಗ ಪ್ರಕಟಿಸಿದರು. ದೊಡ್ಡ ಕೋಳಿಯ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳನ್ನು ಆಗಷ್ಟೇ ಹುಟ್ಟಿದ ಮರಿಗಳಿಗೆ ಕುಡಿಸಿದರು. ಆಮೇಲೆ ಸಾಲ್ಮೊನೆಲ್ಲಾ ಕೊಟ್ಟರೂ ಆ ಮರಿಗಳಲ್ಲಿ ಹೆಚ್ಚಿನವುಗಳ ಕರುಳಿನಲ್ಲಿ ಅದು ತಳ ಊರಲಿಲ್ಲ. ಒಳ್ಳೆಯ ಬ್ಯಾಕ್ಟೀರಿಯಾಗಳು ಮೊದಲೇ ಜಾಗ ಹಿಡಿದು ಕೂತಿದ್ದವು. ತಾಯಿಯ ಹಿಂದೆ ಓಡಾಡುವ ಮರಿ ಅದು ಕೆದಕಿದ ಕಡೆಯೇ ಕೊಕ್ಕು ಹಾಕುತ್ತದೆ, ಅದರ ಹಿಕ್ಕೆಯಲ್ಲೂ ಕೆದಕುತ್ತದೆ. ನಮಗೆ ಅಸಹ್ಯ, ಮರಿಗೆ ಲಾಭ. ಮಷಿನ್ ಮರಿ ಚೊಕ್ಕ ಡಬ್ಬದಲ್ಲಿ ಹುಟ್ಟುತ್ತದೆ. ಕರುಳು ಖಾಲಿ. ಯಾವ ಬ್ಯಾಕ್ಟೀರಿಯಾ ಮೊದಲು ಬರುತ್ತದೋ ಅದರದೇ ರಾಜ್ಯ.

ಬಾಲ್ಕನಿಯ ಪಾರಿವಾಳಗಳ ಕಥೆ ಪೂರ್ತಿ ಬೇರೆ, ನನಗೆ ಇಷ್ಟವಾದದ್ದೂ ಹೌದು. ಅವು ಹಾಲು ಕೊಡುತ್ತವೆ! ಗಂಟಲ ಕೆಳಗೆ ಕಾಳು ಶೇಖರಿಸುವ ಚೀಲದ ಒಳಗೋಡೆ, ಮರಿ ಒಡೆಯುವ ಹೊತ್ತಿಗೆ ದಪ್ಪವಾಗಿ ಪನೀರಿನ ಪುಡಿಯಂತೆ ಉದುರುತ್ತದೆ. ಗಂಡು ಹೆಣ್ಣು ಎರಡೂ ಇದನ್ನು ಮರಿಗೆ ಕಕ್ಕಿ ಉಣಿಸುತ್ತವೆ. ಇದನ್ನು ಹೊರಡಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್, ನಮ್ಮಲ್ಲಿ ತಾಯಿಯ ಎದೆಹಾಲು ಬರಿಸುವ ಹಾರ್ಮೋನೂ ಅದೇ. ಈ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಜೊತೆಗೆ ಐಜಿಎ ಪ್ರತಿಕಾಯವೂ ಇದೆ. ಮೊದಲ ಕೆಲವು ದಿನ ಮರಿಗೆ ಬೇರೆ ಊಟವೇ ಇಲ್ಲ. 2012ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪಾರಿವಾಳದ ಹಾಲನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದರು. ಅವು ಚೆನ್ನಾಗಿ ಬೆಳೆದವು, ಕರುಳಿನ ಬ್ಯಾಕ್ಟೀರಿಯಾಗಳೂ ಬದಲಾದವು. ಅಂದರೆ ಪಾರಿವಾಳದ ಮರಿಗೆ ಹಳದಿಯ ಪ್ರತಿಕಾಯದ ಮೇಲೆ ಅಪ್ಪ ಅಮ್ಮ ಇಬ್ಬರ ಹಾಲೂ ಸಿಗುತ್ತದೆ. ನಿಮ್ಮ ಬಾಲ್ಕನಿ ಕೊಳೆಯಾಗುವುದಕ್ಕೆ ಇದರಿಂದ ಸಮಾಧಾನ ಸಿಗಲಿಕ್ಕಿಲ್ಲ.

ಕೋಗಿಲೆಯದ್ದು ಇದರ ತದ್ವಿರುದ್ಧ. ಕಾಗೆ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋದ ಮೇಲೆ ಮರಿಗೆ ಪ್ರತಿಕಾಯ ಕೊಡಲು ಕೋಗಿಲೆಗೆ ಇನ್ನೊಂದು ಅವಕಾಶ ಇಲ್ಲ. ಹಳದಿಯಲ್ಲಿ ಏನು ಹೋಯಿತೋ ಅಷ್ಟೇ. ಕಾಗೆ ಕಾವು ಕೊಡುತ್ತದೆ, ತುತ್ತು ಕೊಡುತ್ತದೆ, ಪ್ರತಿಕಾಯ ಕೊಡುವುದಿಲ್ಲ.

ಇನ್ನು ಚಂದ್ರಮುಕುಟ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಕಡೆ ಬೆಳಗ್ಗೆ ಹೋದರೆ ಹುಲ್ಲಿನಲ್ಲಿ ಕೊಕ್ಕು ಚುಚ್ಚುತ್ತಾ ಓಡಾಡುವುದನ್ನು ನೋಡಬಹುದು. ನೋಡಲು ಅಷ್ಟು ಚಂದ, ಗೂಡು ಮಾತ್ರ ಮೂಗು ಮುಚ್ಚಿಕೊಳ್ಳುವ ಹಾಗೆ ನಾರುತ್ತದೆ. ಬಾಲದ ಬುಡದಲ್ಲಿರುವ ಎಣ್ಣೆ ಗ್ರಂಥಿಯಲ್ಲಿ, ಮೊಟ್ಟೆ ಮರಿಯ ಕಾಲದಲ್ಲಿ ಮಾತ್ರ, ಹೆಣ್ಣಿಗೆ ಕಂದು ಬಣ್ಣದ ದುರ್ವಾಸನೆಯ ಸ್ರಾವ ಬರುತ್ತದೆ. ಅದರ ತುಂಬ ಬ್ಯಾಕ್ಟೀರಿಯಾ. ಹೆಣ್ಣು ಅದನ್ನು ಮೊಟ್ಟೆಗಳಿಗೆ ಬಳಿಯುತ್ತದೆ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ಗುಳಿಗಳಿವೆ, ಸ್ರಾವ ಅಲ್ಲಿ ತುಂಬಿಕೊಳ್ಳುತ್ತದೆ. ನೀಲಿ ಛಾಯೆಯ ಮೊಟ್ಟೆ ಕೆಲವೇ ದಿನಗಳಲ್ಲಿ ಮಾಸಲು ಕಂದಾಗುತ್ತದೆ. ಸ್ಪೇನಿನ ಸಂಶೋಧಕರು ಕಂಡುಕೊಂಡಂತೆ, ಈ ಬ್ಯಾಕ್ಟೀರಿಯಾಗಳು ಬೇರೆ ರೋಗಾಣುಗಳನ್ನು ಕೊಲ್ಲುವ ವಸ್ತು ತಯಾರಿಸುತ್ತವೆ. ಚಿಪ್ಪಿನ ಮೇಲೆ ಇವು ಜಾಸ್ತಿ ಇದ್ದ ಗೂಡುಗಳಲ್ಲಿ ಮರಿ ಒಡೆಯುವುದೂ ಜಾಸ್ತಿ. ಕೋಳಿ ಮೊಟ್ಟೆಯನ್ನು ಕಾವಿಗೆ ಇಡುವ ಮೊದಲು ನಲ್ಲಿ ನೀರಲ್ಲಿ ಉಜ್ಜಿ ತೊಳೆಯುವವರಿಗೆ ಇಷ್ಟು ಹೇಳಬಲ್ಲೆ: ಚಿಪ್ಪಿನ ಮೇಲಿನ ತೆಳ್ಳನೆಯ ಲೇಪ ತಾಯಿಯೇ ಹಚ್ಚಿದ ಕಾವಲು. ತೊಳೆದರೆ ಅದು ಹೋಗುತ್ತದೆ. ಕೊಳೆ ಮೊಟ್ಟೆಯನ್ನು ಕಾವಿಗೆ ಇಡಬೇಡಿ, ಚೊಕ್ಕ ಮೊಟ್ಟೆಯನ್ನು ತೊಳೆಯಬೇಡಿ.

ಎಲ್ಲ ಮರಿಗೂ ತಾಯಿ ಸಮನಾಗಿ ಹಂಚುತ್ತದೆ ಅಂತಲೂ ಇಲ್ಲ. ಬೆಳ್ಳಕ್ಕಿಗಳ ಮೇಲೆ 1997ರಲ್ಲಿ ಬಂದ ಅಧ್ಯಯನದಲ್ಲಿ ಮೊದಲ ಮೊಟ್ಟೆಗಳ ಹಳದಿಯಲ್ಲಿ ಟೆಸ್ಟೋಸ್ಟೆರಾನ್ ಥರದ ಹಾರ್ಮೋನು ಕೊನೆಯದಕ್ಕಿಂತ ಜಾಸ್ತಿ ಸಿಕ್ಕಿತು. ಮೊದಲು ಹುಟ್ಟಿದವು ಜಗಳಗಂಟಿಗಳಾಗುತ್ತವೆ, ಕೊನೆಯದು ಹಲವು ಸಲ ಸಾಯುತ್ತದೆ. ಕರಿತಲೆ ಕಡಲಕ್ಕಿಗಳಲ್ಲಿ ಇದು ತಿರುವುಮುರುವು, ಕೊನೆಯ ಮೊಟ್ಟೆಗೇ ಹಾರ್ಮೋನು ಜಾಸ್ತಿ. ಆ ಹಾರ್ಮೋನಿನಿಂದ ಮರಿ ಬೇಗ ಬೆಳೆಯುತ್ತದೆ, ಆದರೆ ರೋಗನಿರೋಧಕ ಶಕ್ತಿ ತಗ್ಗುತ್ತದೆ. ಒಂದನ್ನು ಕೊಟ್ಟರೆ ಇನ್ನೊಂದನ್ನು ಕಿತ್ತುಕೊಂಡ ಹಾಗೆ. ಇನ್ನು ಅಟ್ಲಾಂಟಿಕ್ ಸಾಗರದ ಕೋರಿ ಶಿಯರ್‌ವಾಟರ್ ಎಂಬ ಕಡಲಹಕ್ಕಿಯ ಮರಿ ಸುಮಾರು ಮೂರು ತಿಂಗಳು ಗೂಡಿನಲ್ಲೇ ಇರುತ್ತದೆ. ತಾಯಿಯ ಪ್ರತಿಕಾಯ ಅದರಲ್ಲಿ ಅರ್ಧಕ್ಕಿಳಿಯಲು ಸುಮಾರು 25 ದಿನ ಬೇಕು ಅಂತ 2012ರಲ್ಲಿ ಗೊತ್ತಾಯಿತು. ಕೋಳಿಯ ನಾಲ್ಕೂವರೆ ದಿನ ಎಲ್ಲಿ, ಇದೆಲ್ಲಿ!

ಮುಂದಿನ ಸಲಕ್ಕೆ ನೀವು ಏನು ಮಾಡಬೇಕು ಅಂತ ಹೇಳಿಬಿಡುತ್ತೇನೆ. ಮೊದಲು ತಾಯಿ ಕೋಳಿಗಳಿಗೆ ಲಸಿಕೆ ಹಾಕಿಸಿ. ಕೊಕ್ಕರೆ ರೋಗಕ್ಕೆ ದೊಡ್ಡ ಕೋಳಿಗಳಿಗೆ ಕೊಡುವ ಆರ್‌2ಬಿ ಲಸಿಕೆಯನ್ನು ಮೊಟ್ಟೆ ಇಡುವ ಕಾಲದಲ್ಲಿ ಹಾಕಿದರೆ ಮೊಟ್ಟೆ ಕಮ್ಮಿಯಾಗಬಹುದು. ಮೊಟ್ಟೆ ನಿಲ್ಲಿಸಿದ ಬಿಡುವಿನಲ್ಲಿ ಹಾಕಿಸುವುದು ಒಳ್ಳೆಯದು. ಲಸಿಕೆ ಆದ ಮೇಲೆ ಎರಡು ಮೂರು ವಾರ ಬಿಟ್ಟು ಕಾವಿಗೆ ಮೊಟ್ಟೆ ಕೂಡಿಡಿ. ಗೊಂಚಲಿನ ಹತ್ತು ದಿನದ ಲೆಕ್ಕ ನೆನಪಿದೆಯಲ್ಲ, ಅದಕ್ಕೇ ಈ ಅಂತರ. ಮಷಿನ್ ಇಟ್ಟುಕೊಳ್ಳಿ, ಬೇಡ ಅನ್ನಲ್ಲ. ಆದರೆ ಅದಕ್ಕೂ ನಿಮ್ಮ ಕೋಳಿಗಳ ಮೊಟ್ಟೆಯನ್ನೇ ಇಡಿ. ಕೋಳಿ ಕಾವು ಕೂತ ದಿನವೇ ಮಷಿನ್‌ಗೂ ಮೊಟ್ಟೆ ಇಟ್ಟರೆ ಎರಡೂ ಒಟ್ಟಿಗೆ ಮರಿಯಾಗುತ್ತವೆ. ಒಂದು ದಿನದ ಮಷಿನ್ ಮರಿಗಳನ್ನು ರಾತ್ರಿ ಕತ್ತಲಲ್ಲಿ ಮೆಲ್ಲಗೆ ಕೋಳಿಯ ರೆಕ್ಕೆಯಡಿ ಸೇರಿಸಿಬಿಡಿ. ಬೆಳಗ್ಗೆ ಹೆಚ್ಚಿನ ಕೋಳಿಗಳು ತಕರಾರು ಮಾಡಲ್ಲ. ಆಗ ಕರುಳಿನ ಬ್ಯಾಕ್ಟೀರಿಯಾವೂ ಸಿಗುತ್ತದೆ, ಬಲ್ಬಿನ ಚಿಂತೆಯೂ ತಪ್ಪುತ್ತದೆ.

ಮರಿ ಸತ್ತರೆ ಹೂಳುವ ಮೊದಲು ಒಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮಂಜುಗಡ್ಡೆ ಜೊತೆ ಅದೇ ದಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ತೆಗೆದುಕೊಂಡು ಹೋಗಿ. ಯಲಹಂಕದಿಂದ ದೂರವೇನಲ್ಲ. ಫ್ರೀಜರ್‌ನಲ್ಲಿ ಇಡಬೇಡಿ, ಒಳಗಿನ ಅಂಗಗಳು ಕೆಟ್ಟು ಏನೂ ಗೊತ್ತಾಗುವುದಿಲ್ಲ. ಗುಂಬೊರೊನೋ, ರಕ್ತಭೇದಿಯೋ, ಬರೀ ಚಳಿಯೋ ಅಂತ ಕೊಯ್ದು ನೋಡಿದರೆ ತಿಳಿಯುತ್ತದೆ. ನಾನು ಇಲ್ಲಿ ಕೂತು ಹೇಳಿದ್ದು ಅನುಮಾನ ಮಾತ್ರ.

ಇನ್ನೊಂದು ತಾಪತ್ರಯ ಇದೆ. ಲಸಿಕೆಯ ಬಾಟಲಿ ನೂರು ಕೋಳಿಗೆ, ಅದಕ್ಕಿಂತ ಜಾಸ್ತಿಗೆ ಆಗುವಂತೆ ಬರುತ್ತದೆ. ನಿಮ್ಮಲ್ಲಿರುವುದು ಬೆರಳೆಣಿಕೆ ಕೋಳಿ. ಅಕ್ಕಪಕ್ಕ ಕೋಳಿ ಸಾಕುವವರನ್ನು ಸೇರಿಸಿಕೊಂಡು, ಹತ್ತಿರದ ಪಶು ಆಸ್ಪತ್ರೆಯ ಡಾಕ್ಟರ ಹತ್ತಿರ ಒಂದು ದಿನ ಗೊತ್ತು ಮಾಡಿ ಎಲ್ಲ ಕೋಳಿಗೂ ಒಟ್ಟಿಗೆ ಹಾಕಿಸಿ. ಕಲಸಿದ ಲಸಿಕೆಯನ್ನು ಮಂಜುಗಡ್ಡೆ ಮೇಲೆ ಇಟ್ಟು ಎರಡು ಗಂಟೆಯೊಳಗೆ ಮುಗಿಸಬೇಕು. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮುಂದಿನ ವಾರ ಹಾಕಿದರೆ ಬರೀ ನೀರು ಹಾಕಿದ ಹಾಗೆ.